ಮುತ್ತಿನ ಹೆಂಗಸರ ಕ್ಯಾಸೆಟ್ಟು

ಮೊನ್ನೆ ಮಗಳ ಲ್ಯಾಪ್‌ಟಾಪಿನಲ್ಲಿ ಆ ಹೆಂಗಸರು ಮತ್ತೆ ನೀರಿಗೆ ಧುಮುಕಿದರು. ಮುತ್ತು ಹೆಕ್ಕುವ ಜಪಾನಿ ಹೆಂಗಸರ ಹಳೆಯ ಸಿನಿಮಾ. ಕಥೆ ಬರೀ ನೆಪಕ್ಕೆ, ಒದ್ದೆ ಬಟ್ಟೆಯೇ ಬಂಡವಾಳ. ಕಾಲೇಜಿನ ಪಾಠಕ್ಕೆಂದು ನೋಡುತ್ತಿದ್ದಳು. "ಕಲ್ಟ್ ಫಿಲ್ಮ್ ಪಪ್ಪಾ, ಯೂ ವೋಂಟ್ ನೋ," ಎಂದಳು. ನನಗೆ ಗೊತ್ತಿಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು, ನೀವೇ ಹೇಳಿ.

ಆಗ, ವಿಸಿಆರ್ ಕಾಲದಲ್ಲಿ, ಇದೇ ಕೊಲ್ಲಿ ನಾಡಿನ ಬ್ನೇದ್ ಅಲ್ ಗಾರ್‌ನ ಒಂದೇ ಕೋಣೆಯಲ್ಲಿ ನಾವು ಮೂವರು: ಹೋಟೆಲಿನ ಅಡುಗೆಯ ವಿಶ್ವನಾಥಣ್ಣ, ಡ್ರೈವರ್ ದಿನೇಶ, ಪಕ್ಕದ ಬಡಾವಣೆ ಶರ್ಕ್‌ನ ಕಚೇರಿಯಲ್ಲಿ ಟೈಪಿಸ್ಟನಾಗಿದ್ದ ನಾನು. ಹೆಚ್ಚು ಓದಿದವನೆಂಬ ಜಂಬ ನನ್ನದು. ಸಿನಿಮಾವನ್ನು ಕದ್ದುಮುಚ್ಚಿ ತಂದವನು ದಿನೇಶ, ಸಂಜೆಯೊಳಗೆ ಹಿಂತಿರುಗಿಸಬೇಕಿತ್ತು. ಅವನು ಡ್ಯೂಟಿಗೆ ಹೋದ ಮೇಲೆ ನಾನು ಪಕ್ಕದ ಕೋಣೆಯ ವಿಸಿಆರ್ ಎರವಲು ತಂದು ನಮ್ಮದಕ್ಕೆ ಜೋಡಿಸಿ, ಕಪಾಟಿನಲ್ಲಿ ಸಿಕ್ಕಿದ ಚೀಟಿಯಿಲ್ಲದ ಕ್ಯಾಸೆಟ್ಟಿಗೆ ಅದನ್ನು ಇಳಿಸಿಕೊಂಡೆ. ಇಲ್ಲಿಯವರ ಅಜ್ಜಂದಿರು ಮುತ್ತಿಗಾಗಿ ಮುಳುಗಿದ ಕಡಲು ಕಿಟಕಿಯಾಚೆಗೇ ಇತ್ತು. ನಾನು ಅತ್ತ ತಲೆ ಹಾಕಿಯೂ ಮಲಗಿದವನಲ್ಲ.

ಅದು ವಿಶ್ವನಾಥಣ್ಣನ ತಂಗಿಯ ಮದುವೆಯ ಕ್ಯಾಸೆಟ್ಟು. ವೀಸಾ ಕೊಟ್ಟ ಧಣಿ, ಕಫೀಲ್, ರಜೆ ಕೊಡದೆ ಅವರು ಮದುವೆಗೂ ಹೋಗಿರಲಿಲ್ಲ, ಮರುತಿಂಗಳೇ ತೀರಿಕೊಂಡ ಅಪ್ಪನ ಮುಖವನ್ನೂ ನೋಡಿರಲಿಲ್ಲ. ಊರಿಂದ ಬಂದವರ ಕೈಯಲ್ಲಿ ಹಿಂದಿನ ದಿನವಷ್ಟೇ ಸಿಕ್ಕಿದ್ದನ್ನು ಶುಕ್ರವಾರ ಒಟ್ಟಿಗೆ ನೋಡೋಣವೆಂದು ಎತ್ತಿಟ್ಟಿದ್ದರು.

"ಅಪ್ಪ ಧಾರೆ ಎರೆಯುವುದು ಉಂಟಂತೆ," ಎನ್ನುತ್ತ ಮಿಂದು, ಹೊಸ ಅಂಗಿ ಹಾಕಿ ಟಿವಿಯೆದುರು ಕೂತರು. ಜಪಾನಿ ಹೆಂಗಸರು ಧುಮುಕಿದರು. ವಿಶ್ವನಾಥಣ್ಣ ಬಯ್ಯಲಿಲ್ಲ, ಟೇಪನ್ನು ಕೊನೆಯವರೆಗೂ ಓಡಿಸಿದರು. ಉಳಿದದ್ದು, ಉಂಡವರು ಕೈತೊಳೆಯುವ ಎರಡು ನಿಮಿಷ. ಅದರಲ್ಲಿ ಅಪ್ಪ ಇರಲಿಲ್ಲ. ಊರಿನ ವಿಡಿಯೋದವನ ಬಳಿ ಬೇರೆ ಪ್ರತಿಯೂ ಇರಲಿಲ್ಲ.

"ನಿನ್ನದಲ್ವಾ ಈ ಪಿಕ್ಚರ್?" ವಿಶ್ವನಾಥಣ್ಣ ದಿನೇಶನತ್ತ ತಿರುಗಿದರು.

"ತಂದದ್ದು ನಾನು ಅಣ್ಣಾ. ಇದಕ್ಕೆ ಹಾಕಿದ್ದು ನಾನಲ್ಲ, ದೇವರಾಣೆ." ದಿನೇಶ ನನ್ನ ಮುಖ ನೋಡಿದ. ನಾನು ಚಹಾಕ್ಕೆ ನೀರಿಡಲು ಎದ್ದೆ. ಅವನು ನನ್ನ ಹೆಸರು ಹೇಳಲಿಲ್ಲ. ಆ ವಾರವೇ ಗಂಟುಮೂಟೆ ಕಟ್ಟಿ ದೂರದ ಮೀನಾ ಅಬ್ದುಲ್ಲಾದ ಕಾರ್ಮಿಕರ ಕ್ಯಾಂಪಿಗೆ ಹೋದ. ನನಗೆ ನಾಚಿಕೆಯಾಯಿತು, ಆದರೆ ಬಾಯಿ ಬಿಡುವಷ್ಟಲ್ಲ.

ಮೊನ್ನೆ ಮಗಳ ಪಕ್ಕದಿಂದ ಎದ್ದು ಹೋಗಿ, ಊರಲ್ಲಿರುವ ವಿಶ್ವನಾಥಣ್ಣನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಬಯ್ಯಲಿ ಎಂದು ಕಾದೆ. ಅವರು ಅಪ್ಪನ ಸುದ್ದಿ ಎತ್ತಲೇ ಇಲ್ಲ.

"ದಿನೇಶನ ಮನೆ ನಮ್ಮಿಂದ ಎರಡು ಸ್ಟಾಪ್ ಅಷ್ಟೇ ಮಾರಾಯ. ಊರಿಗೆ ಬಂದ ಮೇಲೆ ಮೂರು ಸಲ ಮಾತಾಡ್ಲಿಕ್ಕೆ ಬಂದಿದ್ದ. ನಾನು ಒಳಗೆ ಕರೀಲಿಲ್ಲ. ಹೋದ ವರ್ಷ ಸತ್ತ. ಹದಿಮೂರರ ಬೊಜ್ಜದ ಊಟಕ್ಕೂ ಹೋಗ್ಲಿಲ್ಲ ನಾನು. ನೀನು ಬಾ. ಅವನ ಹೆಂಡತಿ ಇದ್ದಾಳೆ. ಒಟ್ಟಿಗೆ ಹೋಗುವ. ಒಬ್ಬನೇ ಹೋಗ್ಲಿಕ್ಕೆ ನನಗೆ ಮುಖ ಇಲ್ಲ."

ರಜೆಯ ಅರ್ಜಿ ಮುಂದಿದೆ. ಕಾರಣ ಎಂಬಲ್ಲಿ ಏನು ಬರೆಯುವುದೆಂದು ತೋಚದೆ ಕೂತಿದ್ದೇನೆ.