ಜ್ಞಾನಮ್ಮನ ಹಿಡಿ ಅಕ್ಕಿ

ಪಕ್ಕದ ಮನೆಯ ಕುಕ್ಕರ್ ಕೂಗಿತು. ಭದ್ರಾವತಿಯ ಹಳೇ ಸಾಲುಮನೆಗಳ ಗೋಡೆ ತೆಳು. ಒಬ್ಬರ ಅನ್ನ ಬೇಯುವುದು ಎಲ್ಲರಿಗೂ ಕೇಳುತ್ತದೆ. ಜ್ಞಾನಮ್ಮನ ಒಲೆ ಮಾತ್ರ ಆ ಶನಿವಾರ ತಣ್ಣಗಿತ್ತು. ರೇಷನ್ ಅಕ್ಕಿ ತೀರಿತ್ತು. ಮಗ ಮನೋಹರ ಬಾಡಿಗೆ ಕಾರು ತೆಗೆದುಕೊಂಡು ದೂರ ಹೋಗಿದ್ದ. ಅವನು ಬೇರೆ ಮತದ ಮಂಜುಶ್ರೀಯನ್ನು ಮದುವೆಯಾದಾಗಿನಿಂದ ಸಾಲಿನವರು ಮಾತು ಬಿಟ್ಟಿದ್ದರು. ಹಾಗಾಗಿ ಕೈಗಡ ಕೇಳಲು ಬಾಗಿಲಿರಲಿಲ್ಲ.

ಅಕ್ಕಿ ಇಲ್ಲವೆಂದಲ್ಲ, ಒಂದು ಡಬ್ಬಿಯಲ್ಲಿತ್ತು. ದಿನವೂ ತೊಳೆಯುವ ಮುಂಚೆ ಒಂದು ಹಿಡಿ ತೆಗೆದು ದೇವರ ಪಾಲೆಂದು ಆ ಡಬ್ಬಿಗೆ ಹಾಕುವುದು ಅವಳ ತಾಯಿಯ ಕಾಲದ ರೂಢಿ. ಭಾನುವಾರ ಅದು ಚರ್ಚಿಗೆ ಹೋಗುತ್ತಿತ್ತು. ಎಲ್ಲರ ಹಿಡಿಯೂ ಸೇರಿದ ಅಕ್ಕಿಯನ್ನು ಪಾಸ್ಟರಮ್ಮ ಮುಂದಿನ ಶನಿವಾರ ಸಂಜೆ ಇಲ್ಲದವರಿಗೆ ಹಂಚುತ್ತಿದ್ದರು.

ಮಂಜುಶ್ರೀಗೆ ಏಳು ತಿಂಗಳು. ಅವಳ ತಾಯಿ ಪುಷ್ಪಮ್ಮ ಆಲ್ಕೊಳದಿಂದ ಮಗಳನ್ನು ನೋಡಲು ಬಂದು, ನೋಡಿದ್ದನ್ನೆಲ್ಲ ಮನಸ್ಸಿನಲ್ಲಿ ಕಟ್ಟಿಟ್ಟುಕೊಳ್ಳುತ್ತಿದ್ದರು. ಜ್ಞಾನಮ್ಮ ಕುಚ್ಚು ಕಟ್ಟಿ ಮುಗಿಸಿದ ಸೀರೆಗಳ ಗಂಟು ಹಿಡಿದು, ಬರುವಾಗ ಅಕ್ಕಿ ತರ್ತೀನಿ, ದೇವರು ಒದಗಿಸ್ತಾನೆ ಎಂದು ಹೊರಟಾಗ, ಪುಷ್ಪಮ್ಮ ಹೆಂಚಿನ ಮೇಲಿನ ಕಾಗೆಯನ್ನು ತೋರಿಸಿದರು.

"ನಿಮ್ಮ ಬೈಬಲ್ಲಲ್ಲಿ ಹಸಿದೋರಿಗೆ ಕಾಗೆನೇ ರೊಟ್ಟಿ ತಂದ್ಕೊಡ್ತಂತಲ್ಲ ಬೀಗರೇ. ನಮ್ಮಲ್ಲಿ ನಾವೇ ಕಾಗೆಗೆ ಇಡ್ತೀವಿ. ಇದು ಯಾವ ಜಾತಿದೋ ಕೇಳ್ಕೊಂಡು ಹೋಗಿ."

ಜ್ಞಾನಮ್ಮ ತಿರುಗಿ ನೋಡದೆ ಬಸ್ಸು ಹತ್ತಿದಳು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕುಚ್ಚಿನ ಕೂಲಿ ಕೊಡುವ ಸೀರೆ ಅಂಗಡಿಯವರ ಮನೆಯಲ್ಲಿ ಸಾವಾಗಿತ್ತು. ಬಾಗಿಲಿಗೆ ಬೀಗ ಬಿದ್ದಿತ್ತು. ಅದೇ ಗಂಟಿನೊಂದಿಗೆ ಮರಳಿದಾಗ ಮನೆಯಿಂದ ಅನ್ನದ ಪರಿಮಳ ಬರುತ್ತಿತ್ತು. ಡಬ್ಬಿ ಬಾಯಿ ತೆರೆದು ಬಿದ್ದಿತ್ತು. ಮಂಜುಶ್ರೀ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಅದು ದೇವರದ್ದು ಅಂತ ನಿಮಗೆ ಗೊತ್ತಿತ್ತು," ಎಂದಳು ಜ್ಞಾನಮ್ಮ.

"ನನಗೆ ಗೊತ್ತಿತ್ತು," ಎಂದರು ಪುಷ್ಪಮ್ಮ. "ಹೊಟ್ಟೇಲಿರೋ ಕೂಸಿಗೆ ಗೊತ್ತಿರ್ಲಿಲ್ಲ."

ಸಂಜೆಯ ಬಸ್ಸಿಗೆ ಮಗಳನ್ನು ಕರೆದೊಯ್ಯುವುದಾಗಿಯೂ, ಹೆರಿಗೆಯಾದ ಮೇಲೆ ಕೂಸನ್ನು ಈ ಮನೆಗೆ ಕಳಿಸುವ ಮಾತೇ ಇಲ್ಲವೆಂದೂ ಅವರು ಹೇಳಿದರು. ದನಿ ಏರಿಸಲಿಲ್ಲ. ಆಗಲೇ ಮಡಚಿಟ್ಟ ಬಟ್ಟೆಗಳು ಬಾಗಿಲ ಬಳಿಯ ಚೀಲದಲ್ಲಿದ್ದವು.

ಜ್ಞಾನಮ್ಮ ನೆಲದ ಮೇಲೆ ಕುಳಿತಳು. ಬರಗಾಲದಲ್ಲಿ ಕೊನೆಯ ಹಿಟ್ಟಿನಿಂದ ಮೊದಲು ಪ್ರವಾದಿಗೆ ರೊಟ್ಟಿ ಮಾಡಿಕೊಟ್ಟ ವಿಧವೆಯ ಕಥೆ ಅವಳಿಗೆ ಬಾಯಿಪಾಠ. ಅವಳ ಹಿಟ್ಟಿನ ಮಡಕೆ ಮತ್ತೆ ಬರಿದಾಗಲಿಲ್ಲ. ಆದರೆ ವಿಧವೆಗೊಬ್ಬ ಮಗನಿದ್ದ. ತಾಯಿ ರೊಟ್ಟಿಯನ್ನು ಪರರಿಗೆ ಕೊಡುವಾಗ ಅವನು ಎತ್ತ ನೋಡುತ್ತಿದ್ದನೋ, ಚರ್ಚಿನ ಯಾವ ಪ್ರಸಂಗದಲ್ಲೂ ಯಾರೂ ಹೇಳಿರಲಿಲ್ಲ.

"ಇನ್ಮೇಲೆ ನನ್ನ ಪಾಲಿನಿಂದ ಹಿಡಿ ತೆಗೀತೀನಿ ಮಗಾ. ನಿನ್ನದರಿಂದಲ್ಲ," ಎಂದಳು ಸೊಸೆಗೆ.

"ನೀವು ಉಪವಾಸ ಕೂತ್ರೆ ನನಗೆ ಅನ್ನ ಇಳಿಯುತ್ತಾ ಅತ್ತೆ?" ಮಂಜುಶ್ರೀಯ ಮಾತು ಬಿರುಸಾಗಿತ್ತು. "ರಾತ್ರಿಗೆ ಅಕ್ಕಿ ಇದ್ರೆ ಇರ್ತೀನಿ. ನಂಬಿಕೆ ಅಲ್ಲ, ಅಕ್ಕಿ."

ಎಷ್ಟೋ ಶನಿವಾರ ಪಾಸ್ಟರಮ್ಮನ ಪಕ್ಕ ನಿಂತು ಜ್ಞಾನಮ್ಮನೇ ಸೇರು ಹಿಡಿದು ಅಕ್ಕಿ ಅಳೆದು ಹಾಕಿದ್ದಳು. ಚೀಲ ಒಡ್ಡಿದವರ ಮುಖ ನೋಡದಿರುವುದೇ ದಯೆ ಎಂದುಕೊಂಡಿದ್ದಳು. ಎದ್ದು ಕೊಕ್ಕೆಯಿಂದ ಬಟ್ಟೆಚೀಲ ತೆಗೆದಳು.

"ಎಲ್ಲಿಗೆ?" ಎಂದರು ಪುಷ್ಪಮ್ಮ.

"ಚರ್ಚಿಗೆ. ಹಂಚೋ ಹೊತ್ತು."

"ಬೇಡೋಕಾ? ಊರ ಮುಂದೆ ನನ್ನ ಮಗಳ ಹೆಸರು ಹೇಳಿ ಚೀಲ ಒಡ್ತೀರಾ? ನಮ್ಮ ಮನೆತನದ ಮಾನ ಏನಾಗ್ಬೇಕು?"

"ನಿಮ್ಮ ಮಾನ ಬೇಯಿಸಿದ್ರೆ ಅವಳಿಗೆ ಊಟ ಆಗಲ್ಲ," ಎಂದಳು ಜ್ಞಾನಮ್ಮ, ಚಪ್ಪಲಿ ಮೆಟ್ಟುತ್ತಾ. "ಇಲ್ಲದವರಿಗೆ ಅಂತಲೇ ಇಟ್ಟಿದ್ದು. ಇವತ್ತು ಇಲ್ಲದವರು ನಾವು. ಪಾಸ್ಟರಮ್ಮ ಕೇಳಿದ್ರೆ ಮುಚ್ಚಿಡಲ್ಲ, ನಮ್ಮ ಬೀಗರು ಬಂದಿದಾರೆ, ಅವರಿಗೂ ಸೇರಿಸಿ ಒಂದು ಸೇರು ಜಾಸ್ತಿ ಹಾಕಿ ಅಂತ ಹೇಳ್ತೀನಿ."