ಮಳೆಗೂ ಏಳದ ಭತ್ತ

1978ರಲ್ಲಿ ನಾನು ಸಿರುಗುಪ್ಪ ತಾಲ್ಲೂಕಿನಲ್ಲಿ ಭತ್ತದ ತಳಿ ಅಭಿವೃದ್ಧಿಯ ಕೆಲಸದಲ್ಲಿದ್ದೆ. ಮನೆ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ. ವಾರದ ಬಹುಪಾಲು ಕಳೆಯುತ್ತಿದ್ದುದು ಬಸ್ಸಿನಲ್ಲಿ ಮತ್ತು ಕೆಸರಿನಲ್ಲಿ. ಗಿಡ್ಡ ತಳಿಯೊಂದನ್ನು ಕರಾವಳಿಯ ಹಳೆಯ ಭತ್ತದೊಂದಿಗೆ ಸಂಕರ ಮಾಡಿ ಎರಡು ತಳಿ ಪಡೆದಿದ್ದೆವು. ಹಚ್ಚೊಳ್ಳಿಯ ರೈತ ಶರಣಪ್ಪ ಅವೆರಡನ್ನೂ ತಮ್ಮ ಗದ್ದೆಯಲ್ಲಿ ಅಕ್ಕಪಕ್ಕ ಬೆಳೆಸಿದ್ದರು.

ಮೊದಲನೆಯದು ಕೊಯ್ದ ಕೂಡಲೇ ಬಿತ್ತಿದರೂ ಮೊಳೆಯುತ್ತಿತ್ತು. ಎರಡನೆಯದಕ್ಕೆ ಡಾರ್ಮೆನ್ಸಿ, ಅಂದರೆ ಸುಪ್ತಾವಸ್ಥೆ, ಹೆಚ್ಚು. ಹೊಸ ಬೀಜವನ್ನು ನೆನೆಸಿಟ್ಟರೆ ವಾರಗಟ್ಟಲೆ ಮಿಸುಕುತ್ತಿರಲಿಲ್ಲ. ವರ್ಷಕ್ಕೆ ಎರಡು ಬೆಳೆ ತೆಗೆಯುವ ನಮ್ಮ ಕಾಲುವೆ ಸೀಮೆಗೆ ಅದು ದೋಷವೇ ಸರಿ.

“ಈ ಕುಂಭಕರ್ಣನ್ನ ಕಟ್ಕೊಂಡು ಏನ್ ಮಾಡೂದ್ರಿ ಸಾಹೇಬ್ರ?” ಎಂದು ಶರಣಪ್ಪ ನಗುತ್ತಿದ್ದರು. ನನ್ನ ಮುಖ ನೋಡಿ ಅದಕ್ಕೊಂದು ಮೂಲೆ ಬಿಟ್ಟುಕೊಟ್ಟಿದ್ದರು, ಅಷ್ಟೇ. ಮೊದಲ ತಳಿಯನ್ನೇ ನಂಬಿ, ಮುಂಗಾರಿಗೆ ಬೀಜ ಕೊಡುತ್ತೇನೆಂದು ತೆಕ್ಕಲಕೋಟೆಯ ಬೀಗರಿಗೆ ಮಾತು ಕೊಟ್ಟಿದ್ದರು. ಮಗಳನ್ನು ಕೊಟ್ಟ ಮನೆ, ಮಾತು ತಪ್ಪುವಂತಿರಲಿಲ್ಲ.

ಕೊಯ್ದ ತೆನೆ ಗದ್ದೆಯಲ್ಲಿ ಒಣಗುತ್ತಿದ್ದಾಗ ಆಂಧ್ರದ ಕಡೆಯಿಂದ ಮಳೆ ಬಂತು. ಹಿಡಿದದ್ದು ಬಿಡಲಿಲ್ಲ. ಮಳೆ ನಿಂತು ಹೊಳವಾದ ಮೇಲೆ ಟ್ರ್ಯಾಕ್ಟರ್ ಹತ್ತಿ ಹಚ್ಚೊಳ್ಳಿ ತಲುಪಿದೆ. ಶರಣಪ್ಪನವರ ಹೆಂಡತಿ ಈರಮ್ಮ ಮೊದಲ ತಳಿಯ ಒಂದು ಹಿಡಿ ಎತ್ತಿ ತೋರಿಸಿದರು. ತೆನೆಯಲ್ಲೇ ಕಾಳು ಮೊಳೆತು, ಬಿಳಿ ಬೇರು ಹೆಣೆದುಕೊಂಡಿತ್ತು.

“ಬೀಜಕ್ಕಿರ್ಲಿ, ಅಕ್ಕಿಗೂ ಬರಂಗಿಲ್ರಿ ಇದು,” ಎಂದರು. ಶರಣಪ್ಪ ಬದುವಿನ ಮೇಲೆ ತಲೆ ಹಿಡಿದು ಕುಳಿತಿದ್ದರು.

ಒಂದು ಹೆಜ್ಜೆ ಆಚೆಗೆ ಎರಡನೆಯ ತಳಿ ಬಿದ್ದಿತ್ತು. ಅದೇ ಮಳೆ, ಅದೇ ಕೆಸರು. ಮಂಡಿಯೂರಿ ತೆನೆ ತೆನೆ ಬಿಡಿಸಿ ನೋಡಿದೆ. ಮೊಳೆತ ಕಾಳೊಂದೂ ಸಿಗಲಿಲ್ಲ. ವಂಶವಾಹಿಗಳ ಪಾಠ ಎಷ್ಟೋ ಸಲ ಓದಿದವನು ನಾನು. ಆದರೂ ಕೈಯಲ್ಲಿ ಹಿಡಿದ ತೆನೆಯನ್ನು ಕೆಳಗಿಡಲು ಮನಸ್ಸಾಗಲಿಲ್ಲ.

ಶರಣಪ್ಪ ಎದ್ದು ಬಂದರು. “ಎರಡೂ ಒಂದ ತಾಯಿ ಮಕ್ಕಳಲ್ರಿ?”

“ಹೌದ್ರಿ. ಅದು ಗಿಡ್ಡ ತಳಿ ಗುಣ ತಗೊಂಡೈತಿ, ಇದು ಕರಾವಳಿ ಭತ್ತದ್ದು. ಅಲ್ಲಿ ಸುಗ್ಗಿ ಹೊತ್ತಿನ್ಯಾಗೂ ಮಳಿ. ಅವಸರ ಮಾಡಿ ಮೊಳೆತದ್ದು ಕೊಳೀತು, ತಡದದ್ದು ಉಳೀತು. ಆ ತಡಿಯೂ ಗುಣ ಇದರ ರಕ್ತದಾಗ ಬಂದೈತಿ.”

“ಯಾರೂ ಹೇಳದ ಇದಕ್ಕ ಗೊತ್ತೈತಿ,” ಎಂದು ಅವರು ಕಾಳು ಉಜ್ಜಿ ಉಜ್ಜಿ ನೋಡಿದರು.

ಆ ಮೂಲೆಯ ಭತ್ತವನ್ನು ಒಣಗಿಸಿ ಬೇಸಿಗೆಯೆಲ್ಲ ಇಟ್ಟೆವು. ಒಣ ಶಾಖಕ್ಕೆ ಸುಪ್ತಾವಸ್ಥೆ ಕಳೆಯುತ್ತದೆಂದು ನಾನು ಎಷ್ಟು ಹೇಳಿದರೂ ಶರಣಪ್ಪನವರಿಗೆ ಧೈರ್ಯ ಬರಲಿಲ್ಲ. ಬೀಗರು ಬರುವ ದಿನಕ್ಕೆ ಸರಿಯಾಗಿ ಒಂದಿಷ್ಟು ನೆನೆಸಿ ಗೋಣಿಯಲ್ಲಿ ಕಟ್ಟಿಟ್ಟಿದ್ದರು. ಎಲ್ಲರೆದುರು ಈರಮ್ಮ ಗಂಟು ಬಿಚ್ಚಿದಾಗ ಬಿಸಿ ಆವಿ ಮುಖಕ್ಕೆ ಬಡಿಯಿತು. ಒಳಗೆಲ್ಲ ಬಿಳಿ ಮೊಳಕೆ. ಶರಣಪ್ಪ ಒಣಬೀಜದ ಚೀಲವನ್ನು ತಾವೇ ಹೊತ್ತು ಬೀಗರ ಗಾಡಿಗೆ ಹಾಕಿದರು.

ಬೀಜದ ಕಸುವೆಂದರೆ ಬೇಗ ಮೊಳೆಯುವುದು ಎಂದೇ ನಾವು ಅಳೆಯುತ್ತಿದ್ದೆವು. ಹೊತ್ತಲ್ಲದ ಹೊತ್ತಿನಲ್ಲಿ ಏಳದೆ ಇರಲಿಕ್ಕೂ ಅಷ್ಟೇ ಕಸುವು ಬೇಕೆಂದು ಆ ಕಾಳು ನನಗೆ ಕಲಿಸಿತು.