ಧಾರೆ ಎರೆದುಕೊಟ್ಟ ಮಗು

ಹಳೆಯ ರೇಷನ್ ಕಾರ್ಡಿನ ಕವರಿನಿಂದ ಮೊನ್ನೆ ಒಂದು ಪಾಸ್‌ಪೋರ್ಟ್ ಫೋಟೊ ಜಾರಿ ಬಿತ್ತು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆಯ ಹುಡುಗಿ, ಹಿಂದೆ ತೂಗುಹಾಕಿದ ನಮ್ಮನೆಯ ಬಿಳಿ ಪಂಚೆ. ಮಗು ಬೆಳೆದಿದೆ, ಹೊಸದು ತೆಗೆಸಿ ಎಂದು ವೀಸಾದವರು ಹಿಂದಿರುಗಿಸಿದ ಫೋಟೊ ಅದು.

ಹುಡುಗಿ ಎದುರು ಮನೆ ಅಕ್ಕನ ಎರಡನೆಯ ಮಗಳು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಅವರಿಗೆ ಎರಡು ಪವರ್‌ಲೂಮ್ ಇದ್ದವು. ತೊಂಬತ್ತರ ದಶಕದ ಮೊದಲ ವರ್ಷಗಳು. ಹೊರದೇಶದಲ್ಲಿದ್ದ ಅಕ್ಕನ ನಾದಿನಿಗೆ ಮಕ್ಕಳಿರಲಿಲ್ಲ. ರಜೆಗೆ ಬಂದವರು ಮಗುವನ್ನು ಕೇಳಿದರು. ಮನೆಯವರೆಲ್ಲ ಒಪ್ಪಿದರು, ಅಕ್ಕನೂ ತಲೆಯಾಡಿಸಿದರು... ಹೇಗೆ ಆಡಿಸಿದರೋ. ಕಾಗದಪತ್ರ ಆಮೇಲಾದರೂ ಆಗುತ್ತದೆ, ಮುಹೂರ್ತ ಮತ್ತೆ ಸಿಗುವುದಿಲ್ಲ ಎಂದು ಮೊದಲೇ ಧಾರೆ ಎರೆದು ದತ್ತು ಕೊಟ್ಟುಬಿಟ್ಟರು. ನಾದಿನಿ ವಿಮಾನ ಹತ್ತಿದರು. ನಾಲ್ಕು ವರ್ಷದ ಮಗು ಇಲ್ಲೇ ಉಳಿಯಿತು, ವೀಸಾ ಬರುವವರೆಗೆ, ಎರಡು ತಿಂಗಳ ಮಟ್ಟಿಗೆ ಎಂದು.

"ಕೊಟ್ಟ ಮಗೂನ ಮತ್ತೆ ಮಡಿಲಿಗೆ ಹಾಕ್ಕೊಂಡ್ರೆ ದಾನ ಕೆಡುತ್ತೆ ಕಣಮ್ಮ," ಎಂದರು ಅವರ ಮನೆಯ ಅಜ್ಜಿ. ಹಾಗಾಗಿ ಹುಡುಗಿಯನ್ನು ನಮ್ಮ ಮನೆಯಲ್ಲಿ ಇಟ್ಟುಕೊಂಡೆವು. ನಾದಿನಿಯೇ ತಾಯಿಯಾದ ಮೇಲೆ ಹೆತ್ತವಳು ಸೋದರಮಾವನ ಹೆಂಡತಿ, ಅತ್ತೆ. "ಅಮ್ಮ ಅಲ್ಲ, ಅತ್ತೆ ಅನ್ನು," ಎಂದು ಮಗುವಿಗೆ ಕಲಿಸಿದವಳು ನಾನು. ಸರಿಯಾಗಿ ಅಂದರೆ ಕಲ್ಲುಸಕ್ಕರೆ ಕೊಡುತ್ತಿದ್ದೆ.

ಎರಡು ತಿಂಗಳು ಹೋಗಿ ಎರಡು ವರ್ಷವಾಯಿತು. ಈ ದಾಖಲೆ ಸಾಲದು, ಆ ದಾಖಲೆ ತನ್ನಿ... "ಏನಕ್ಕಾ, ವಿಮಾನಕ್ಕೆ ಇನ್ನೂ ಪಂಚರ್ ಹಾಕ್ತಾನೇ ಅವ್ರಾ?" ಎಂದು ಅಂಚೆಯವರು ನಗಿಸಲು ನೋಡುವರು. ಅಕ್ಕ ಜಗಲಿಯಲ್ಲಿ ನೂಲು ಸುತ್ತುತ್ತ ನಮ್ಮ ಬಾಗಿಲನ್ನೇ ನೋಡುತ್ತಿದ್ದರು. ದಿನಾ ಬೆಳಿಗ್ಗೆ ಡಬರಿಯಲ್ಲಿ ಉಪ್ಪಿಟ್ಟೋ ಅವಲಕ್ಕಿಯೋ ತಂದು, "ಜಾಸ್ತಿ ಮಾಡ್ಬಿಟ್ಟೆ, ನಿಮ್ಮನೇಲಿ ಯಾರಾದ್ರೂ ತಿನ್ಲಿ," ಎನ್ನುವರು. ಅದರಲ್ಲಿ ಒಂದು ಮೆಣಸಿನಕಾಯಿಯೂ ಇರುತ್ತಿರಲಿಲ್ಲ.

ಕೊನೆಗೆ ವೀಸಾ ಇಲ್ಲವೆಂದು ಕಾಗದ ಬಂತು. ನಾದಿನಿಯೂ ಕೈಬಿಟ್ಟರು. ಅಕ್ಕ ಬರಿಗಾಲಲ್ಲೇ ಬೀದಿ ದಾಟಿ ಬಂದು, "ಬಾರೇ, ಮನೆಗೆ ಹೋಗಾಣ," ಎಂದರು. ಹುಡುಗಿ ನನ್ನ ಸೆರಗು ಹಿಡಿದು, "ನಾಳೆ ಬರ್ತೀನಿ ಅತ್ತೆ," ಎಂದಳು.

ವಾರದ ಮೇಲೆ ಹೋದಳೇನೋ ನಿಜ. ಆದರೆ ಅತ್ತೆ ಎಂಬ ಮಾತು ಬಾಯಿಂದ ಹೋಗಲಿಲ್ಲ. ಕೂರಿಸಿಕೊಂಡು, "ಅಮ್ಮ ಅನ್ನು," ಎಂದೆ. ನಾನು ಸುಳ್ಳು ಕಲಿಸುತ್ತಿದ್ದೇನೆ ಎಂಬಂತೆ ನೋಡಿದಳು. ಅಕ್ಕ, "ಇರ್ಲಿ ಬಿಡು, ಕರೀತಾಳಲ್ಲ," ಎಂದರು...

ಅಕ್ಕ ತೀರಿಕೊಂಡು ಈಗ ತಿಂಗಳಾಯಿತು. ಹನ್ನೊಂದನೆಯ ದಿನ ಎಡೆಯ ಮುಂದೆ ನೀರು ಬಿಡಲು ಒಬ್ಬೊಬ್ಬರನ್ನೇ ಕರೆಯುತ್ತಿದ್ದ ಪುರೋಹಿತರು ಅವಳನ್ನು, "ಹೋದೋರು ನಿಮಗೇನಾಗ್ಬೇಕಮ್ಮಾ?" ಎಂದು ಕೇಳಿದರು. ಮೂವತ್ತು ದಾಟಿದ ಅವಳು ತಿರುಗಿ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ.